ಹದಿನೇಳನೇ ಮೀನು ಮತ್ತು ಮೂಗಕ್ಕನ ಮೂಗು

ಬೆಳಗಿನ ಐದೂವರೆ. ಮೀನು ಹರಾಜು ಕಟ್ಟೆಯ ಪಕ್ಕದ ಮಂಜುಗಡ್ಡೆ ಕೋಣೆಯಲ್ಲಿ ಈಗ ಮಂಜುಗಡ್ಡೆ ಇಲ್ಲ. ಒಂದು ಉದ್ದನೆಯ ಮೇಜು, ಆರು ಕುರ್ಚಿ. ಪ್ರತಿ ಕುರ್ಚಿಯ ಮುಂದೆ ಮುಚ್ಚಳ ಹಾಕಿದ ಇಪ್ಪತ್ತನಾಲ್ಕು ಗಾಜಿನ ಬಟ್ಟಲು, ಬಟ್ಟಲಿಗೊಂದು ಉಪ್ಪಿಲ್ಲದೆ ಬೇಯಿಸಿದ ಮೀನಿನ ತುಂಡು. ಕೊನೆಯ ಕುರ್ಚಿಯ ಹೆಂಗಸು ಮುಚ್ಚಳ ಸರಿಸಿ, ಕಣ್ಣು ಮುಚ್ಚಿ, ಮೂರು ಸಲ ಮೂಸುತ್ತಾರೆ. ಆಮೇಲೆ ತಮ್ಮದೇ ಮೊಣಕೈಯ ಒಳಬದಿಯನ್ನು ಮೂಸುತ್ತಾರೆ. ಅದಾದ ಮೇಲೇ ಬರೆಯುವುದು.

"ಸ್ವಂತ ಮೈ ವಾಸನೆ ಮೂಗಿಗೆ ಲೆಕ್ಕಕ್ಕಿಲ್ಲ ನೋಡಿ. ಅದನ್ನ ಮೂಸಿದ್ರೆ ಮೂಗು ಖಾಲಿಯಾಗುತ್ತೆ, ಮುಂದಿನ ಮೀನಿಗೆ ಜಾಗ ಆಗುತ್ತೆ" ಎನ್ನುತ್ತಾರೆ.

ಬಂದರಿನವರಿಗೆಲ್ಲ ಇವರು ಮೂಗಕ್ಕ. ಮೂವತ್ತು ವರ್ಷ ಬುಟ್ಟಿ ಮುಂದಿಟ್ಟುಕೊಂಡು ಮೀನು ಮಾರಿದವರು. ಗಿರಾಕಿ ಮೂಗು ಮುರಿದರೆ ತಾವೇ ಒಮ್ಮೆ ಮೂಸಿ, ಇದು ಇವತ್ತಿನದು, ಇದು ನಿನ್ನೆಯದು ಎಂದು ಹೇಳಿಬಿಡುತ್ತಿದ್ದರಂತೆ, ವ್ಯಾಪಾರ ಹೋದರೂ ಸರಿ. ಮೂಗಿ ಎಂದು ಕರೆಯೋಣವೆಂದರೆ ಮಾತು ಬಾರದವಳು ಎಂದಾಗುತ್ತದೆ. ಇವರ ಜೊತೆ ಐದು ನಿಮಿಷ ಕೂತ ಯಾರೂ ಆ ತಪ್ಪು ಮಾಡಲಾರರು.

ಎಂಬತ್ತಮೂರು ದಿನಗಳ ಹಿಂದೆ ಕಡಲ ನಡುವಿನ ತೈಲಬಾವಿಯ ಕೊಳವೆ ಒಡೆಯಿತು. ಮೂರನೇ ದಿನಕ್ಕೆ ಕಪ್ಪು ಎಣ್ಣೆ ಇಲ್ಲಿನ ಕೊಲ್ಲಿಗೆ ಬಂತು. ರೆಕ್ಕೆ ಅಂಟಿಕೊಂಡ ಹಕ್ಕಿಗಳು ದಡಕ್ಕೆ ಬಿದ್ದವು, ಬಂಡೆಯ ಚಿಪ್ಪುಗಳು ಬಾಯಿ ಬಿಟ್ಟುಕೊಂಡು ಸತ್ತವು. ಮೀನು ಹಿಡಿಯಬಾರದೆಂದು ಆದೇಶವಾಯಿತು. ದೋಣಿ ನಿಂತ ಮೇಲೆ ಮಂಜುಗಡ್ಡೆ ಕಾರ್ಖಾನೆ ನಿಂತಿತು, ಲಾರಿಗಳು ನಿಂತವು, ಬಲೆ ಹೊಲಿಯುವವರು ಕೈಕಟ್ಟಿ ಕೂತರು. ಈಗ ನೀರನ್ನು ನೋಡಿದರೆ ಎಣ್ಣೆಯ ಸುಳಿವೇ ಇಲ್ಲ. ಹೋಯಿತೋ, ತಳದಲ್ಲಿ ಕೂತಿದೆಯೋ? ಪತ್ರಿಕೆಗೆ ಬರೆಯಲು ಬಂದ ನಾನು ಮೂವರನ್ನು ಕೇಳಿದೆ, ಮೂರು ಉತ್ತರ ಸಿಕ್ಕವು. ಮೂರೂ ಸರಿಯೆನಿಸಿದ್ದರಿಂದ ನನ್ನ ತಲೆ ಕೆಟ್ಟಿತು.

ಮೀನಿನಲ್ಲಿ ವಿಷವಿದೆಯೇ ಎಂದು ಯಂತ್ರ ಹೇಳುತ್ತದೆ. ಎಣ್ಣೆ ವಾಸನೆ ಉಳಿದಿದೆಯೇ ಎನ್ನುವುದಕ್ಕೆ ಮನುಷ್ಯರ ಮೂಗೇ ಆಗಬೇಕಂತೆ. ಹಾಗಾಗಿ ಪ್ರಯೋಗಾಲಯದ ಐದು ಮೂಗು, ಊರಿನದೊಂದು. ಪ್ರಯೋಗಾಲಯದವರೇ ತಮ್ಮ ದೋಣಿಯಲ್ಲಿ ಮೀನು ತರುತ್ತಾರೆ. ಯಾವ ಬಟ್ಟಲಿನದು ಎಲ್ಲಿಯದೆಂದು ಮೂಸುವವರಿಗೆ ತಿಳಿಸುವುದಿಲ್ಲ. ಆರರಲ್ಲಿ ಒಂದು ಮೂಗು ತಕರಾರು ತೆಗೆದರೂ ಕೊಲ್ಲಿ ತೆರೆಯುವಂತಿಲ್ಲ.

ಮೊದಲ ದಿನವೇ ಮೂಗಕ್ಕ ಎಡವಿದರು. ನಮೂನೆಯಲ್ಲಿ ಒಂದೇ ಪ್ರಶ್ನೆ: ವಾಸನೆ ಇದೆಯೇ? ಇವರು ಇಪ್ಪತ್ತನಾಲ್ಕಕ್ಕೂ "ಇದೆ" ಎಂದು ಗುರುತು ಹಾಕಿದರು. ವರದಿ ಹೋಯಿತು, ಕೊಲ್ಲಿ ಇನ್ನೂ ಹದಿನೈದು ದಿನ ಬಂದ್. ಆಮೇಲೆ ಪರೀಕ್ಷೆ ನಡೆಸುವ ಅಧಿಕಾರಿ ಮೇಡಂ ಕರೆದು, "ಅಲ್ಲಮ್ಮಾ, ಎಂಥ ವಾಸನೆ ಬಂತು?" ಎಂದು ಕೇಳಿದರು.

"ಮೀನಿಂದು ಮೇಡಂ, ಇನ್ನೇನು ಬರುತ್ತೆ? ಮೀನಿಗೆ ವಾಸನೆ ಇಲ್ಲ ಅಂತ ಬರೆದ್ರೆ ಜನ ನಗಲ್ವಾ?"

ಯಾರೂ ನಗಲಿಲ್ಲ. ದೋಣಿಯವರು ಇವರನ್ನು ಕಂಡರೆ ಮುಖ ತಿರುಗಿಸಿದರು. ಸ್ವಂತ ದೋಣಿ ಕಟ್ಟಿಹಾಕಿದ್ದ ಗಂಡ ನಾಲ್ಕು ದಿನ ಮಾತು ಬಿಟ್ಟರು. ಈಗ ನಮೂನೆಯಲ್ಲಿ "ಎಣ್ಣೆ ವಾಸನೆ" ಎಂದು ತಿದ್ದಿದ್ದಾರೆ. ಗೋಡೆಗೆ ಅಂಟಿಸಿದ ಆ ಹಾಳೆಯನ್ನು ತೋರಿಸಿ, "ನನ್ನ ದಡ್ಡತನದಿಂದ ಆದ ಒಂದು ಒಳ್ಳೇ ಕೆಲಸ" ಎನ್ನುತ್ತಾರೆ. ನಗುತ್ತಲೇ ಹೇಳುತ್ತಾರೆ, ಕಣ್ಣು ಮಾತ್ರ ನಗುವುದಿಲ್ಲ.

ಇವತ್ತು ಕೊನೆಯ ಪರೀಕ್ಷೆ. ಎಲ್ಲವೂ "ಇಲ್ಲ" ಎಂದಾದರೆ ನಾಳೆಯೇ ದೋಣಿಗಳು ಹೊರಡಬಹುದು. ಬಾಗಿಲಾಚೆ ಜನ ಸೇರಿದ್ದಾರೆ, ಗಂಡನೂ ನಿಂತಿದ್ದಾರೆ. ಹದಿನಾರು ಬಟ್ಟಲು ಸರಾಗವಾಗಿ ಮುಗಿಯುತ್ತವೆ. ಹದಿನೇಳನೆಯದರಲ್ಲಿ ಮೂಗಕ್ಕ ತಡೆಯುತ್ತಾರೆ. ಮತ್ತೆ ಮೂಸುತ್ತಾರೆ. ಮೊಣಕೈ ಮೂಸುತ್ತಾರೆ, ಮುಖ ಸಣ್ಣದಾಗುತ್ತದೆ.

"ನನ್ನ ಮೊಣಕೈಲೂ ಎಣ್ಣೆ ವಾಸನೆ."

ಗಂಡ ಎರಡು ತಿಂಗಳಿಂದ ತೈಲ ಕಂಪನಿಯ ಕೂಲಿಗೆ ಬಂಡೆಗಳ ಎಣ್ಣೆ ಒರೆಸುತ್ತಿದ್ದಾರೆ. "ಇವರ ಬಟ್ಟೆ, ನನ್ನ ಬಟ್ಟೆ ಒಂದೇ ಬಕೆಟಲ್ಲಿ ಒಗೆಯೋದು. ದಿಂಬಲ್ಲೂ ಅದೇ ವಾಸನೆ. ಇಷ್ಟು ದಿನ ನಂಗೆ ತಿಳೀಲೇ ಇಲ್ಲ ನೋಡಿ. ಈಗ ಮೀನಲ್ಲಿದೆಯೋ ನನ್ನಲ್ಲಿದೆಯೋ?" ಎದ್ದು ಹೋಗಿ ಎರಡೂ ತೋಳು ಉಜ್ಜಿ ತೊಳೆದು ಬರುತ್ತಾರೆ. ಮೂಸುತ್ತಾರೆ. ತಲೆ ಅಲ್ಲಾಡಿಸುತ್ತಾರೆ. ನನಗೂ ಬಟ್ಟಲು ಕೊಡುತ್ತಾರೆ. ಒಮ್ಮೆ ಇದೆ ಎನಿಸುತ್ತದೆ, ಮರುಗಳಿಗೆ ಇಲ್ಲ ಎನಿಸುತ್ತದೆ. ನಾನು ಬಟ್ಟಲನ್ನು ತೆಪ್ಪಗೆ ವಾಪಸು ಕೊಡುತ್ತೇನೆ.

ಉಳಿದ ಐವರು "ಇಲ್ಲ" ಎಂದು ಬರೆದಾಗಿದೆ. ಮೂಗಕ್ಕ ಎರಡು ಚೌಕಗಳನ್ನೂ ಬಿಟ್ಟು, ಅಂಚಿನಲ್ಲಿ ದುಂಡಗೆ ಬರೆಯುತ್ತಾರೆ: ಗೊತ್ತಾಗುತ್ತಿಲ್ಲ.

ಮೇಡಂ ನಿಟ್ಟುಸಿರು ಬಿಡುತ್ತಾರೆ. "ಹಾಗಾದ್ರೆ ಮತ್ತೆ ಮೀನು ತರಿಸ್ಬೇಕು. ಇನ್ನೂ ನಾಲ್ಕು ದಿನ. ಹೊರಗಿರೋರಿಗೆ ಯಾರಮ್ಮಾ ಹೇಳೋದು?"

"ನಾನೇ ಹೇಳ್ತೀನಿ" ಎಂದು ಎದ್ದವರು ಬಾಗಿಲಲ್ಲಿ ನಿಂತು ಹೇಳಿಯೂ ಬಿಡುತ್ತಾರೆ. ಗದ್ದಲ ಏಳುತ್ತದೆ. ಅದನ್ನೆಲ್ಲ ಸೀಳಿಕೊಂಡು ಗಂಡನ ದನಿ: "ಅಲ್ವೇ, ಮೂವತ್ತು ವರ್ಷ ಮೀನು ಮಾರಿದೋಳಿಗೆ ಗೊತ್ತಾಗಲ್ವಾ? ಇಲ್ಲ ಅಂತ ಬರೆದಿದ್ರೆ ಏನಾಗ್ತಿತ್ತು?"

"ಗಿರಾಕಿ ಒಂದ್ಸಲ ಮೂಗು ಮುಚ್ಕೊಂಡು ಎದ್ದು ಹೋದ್ರೆ ಮತ್ತೆ ಬರಲ್ಲ ರೀ. ನಾಲ್ಕು ದಿನ ಹೋಗ್ಲಿ. ಅಲ್ಲೀತನಕ ನಾನು ಅಕ್ಕನ ಮನೇಲಿ ಇರ್ತೀನಿ, ಈ ಮೂಗು ತೊಳ್ಕೊಂಡು ಬರ್ತೀನಿ."

ಗಂಡ ತಮ್ಮ ತೋಳನ್ನು ತಾವೇ ಮೂಸಿಕೊಂಡು, ದೋಣಿಯ ಕಡೆಗೆ ನಡೆಯುತ್ತಾರೆ. ಕೋಪವೋ ಬೇಸರವೋ ನನಗೆ ತಿಳಿಯಲಿಲ್ಲ. ಮೂಗಕ್ಕನಿಗೂ ತಿಳಿದಂತೆ ಕಾಣಲಿಲ್ಲ. ಮತ್ತೆ ತಪ್ಪಾಯಿತೆಂದು ಅನಿಸುವುದಿಲ್ಲವೇ ಎಂದು ಕೇಳುತ್ತೇನೆ. ಅವರು ಕುರ್ಚಿಗೆ ಮರಳಿ ಹದಿನೆಂಟನೇ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

"ಆವತ್ತು ಗೊತ್ತಿದೆ ಅಂದ್ಕೊಂಡು ತಪ್ಪು ಬರೆದೆ. ಇವತ್ತು ಗೊತ್ತಿಲ್ಲ ಅಂತ ಸರಿಯಾಗಿ ಬರ್ದಿದ್ದೀನಿ."