ಮೂರು ಬೆರಳು ಕಡಿಮೆ

ಅಮೆರಿಕದ ಟೊಲೀಡೊ ಊರಿನಲ್ಲಿ, ನದಿಯ ಪೂರ್ವ ದಂಡೆಯ ಹಂಗೇರಿಯನ್ನರ ಬೀದಿಗಳಲ್ಲಿ, ಎಲ್ಮರ್ ಟಕಾಚ್‌ನ ಕಣ್ಣು ಅಂದರೆ ಒಂದು ಮಾತಿತ್ತು. ಗಾಜಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ದೀಪದ ಮುಂದೆ ನಿಲ್ಲಿಸಿದ ದೊಡ್ಡ ದೊಡ್ಡ ಗಾಜುಗಳನ್ನು ನೋಡಿ, ಗುಳ್ಳೆ ಇದ್ದದ್ದು, ಗೀರು ಇದ್ದದ್ದು, ಅಲೆ ಎದ್ದದ್ದು ಯಾವುದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ಅವನು ಸರಿ ಅಂದ ಗಾಜನ್ನು ಇನ್ನೊಬ್ಬರು ನೋಡುತ್ತಿರಲಿಲ್ಲ.

ಆ ಕಣ್ಣಿನ ದೆಸೆಯಿಂದಲೇ ಅವನಿಗೆ ಭಾನುವಾರದ ಕೆಲಸವೂ ಸಿಕ್ಕಿತ್ತು. ಊರಿನ ಫುಟ್‌ಬಾಲ್ ತಂಡ ಗ್ಲೇಜರ್ಸ್ ತವರಿನಲ್ಲಿ ಆಡುವಾಗ ಮೈದಾನದ ಅಂಚಿನಲ್ಲಿ ಸರಪಳಿ ಹಿಡಿಯುವ ಗುಂಪಿನಲ್ಲಿ ಅವನೊಬ್ಬ. ಗುಂಪಿನವರೆಲ್ಲ ಊರಿನ ಜನವೇ. ಒಬ್ಬ ಅಂಚೆಯವನು, ಒಬ್ಬ ಶಾಲೆಯ ಮೇಷ್ಟ್ರು, ಒಬ್ಬ ಬೇಕರಿಯವನು. ಅಲ್ಲಿಯ ಫುಟ್‌ಬಾಲ್ ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಚೆಂಡು ಹಿಡಿದ ತಂಡ ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಹೋಯಿತೋ ಇಲ್ಲವೋ ಎಂದು ಅನುಮಾನ ಬಂದಾಗ ಎರಡು ತುದಿಗೂ ಕೋಲು ಕಟ್ಟಿದ ಇವರ ಹತ್ತು ಗಜದ ಸರಪಳಿಯನ್ನು ಒಳಗೆ ಹೊತ್ತೊಯ್ದು ಅಳೆಯುತ್ತಾರೆ. ಹೊತ್ತೊಯ್ಯುವಾಗ ಜಾಗ ತಪ್ಪದಿರಲೆಂದು, ಸರಪಳಿ ನೆಲದ ಮೇಲಿನ ಒಂದು ಬಿಳಿ ಗೆರೆಯನ್ನು ದಾಟುವ ಕಡೆ ಮೊದಲೇ ಒಂದು ಕ್ಲಿಪ್ಪು ಸಿಕ್ಕಿಸಿರುತ್ತಾರೆ. ಒಳಗೆ ಹೋದ ಮೇಲೆ ಆ ಕ್ಲಿಪ್ಪನ್ನು ಅದೇ ಗೆರೆಯ ಮೇಲಿಟ್ಟು ಸರಪಳಿ ಎಳೆದರೆ ಲೆಕ್ಕ ಸರಿಹೋಗುತ್ತದೆ. ಕ್ಲಿಪ್ಪು ಸಿಕ್ಕಿಸುವವನು ಎಲ್ಮರ್. ಗೆರೆಯ ಅಗಲ ನಾಲ್ಕು ಇಂಚು. ಅವನು ಯಾವಾಗಲೂ ಗೆರೆಯ ಹಿಂದಿನ ಅಂಚಿಗೇ ಸಿಕ್ಕಿಸುತ್ತಿದ್ದ. ಹತ್ತೊಂಬತ್ತು ವರ್ಷ ಹಾಗೇ ನಡೆದಿತ್ತು.

ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಊರಿಗೆ ಊರೇ ಗ್ಲೇಜರ್ಸ್ ಮೇಲೆ ಆಸೆ ಇಟ್ಟುಕೊಂಡಿತ್ತು. ಹಿಂದಿನ ವರ್ಷ ತಂಡ ಸೆಮಿಫೈನಲ್‌ನಲ್ಲಿ ಸ್ವಲ್ಪದರಲ್ಲಿ ಸೋತಿತ್ತು. ಈ ಸಲ ಕಪ್ ನಮ್ಮದೇ ಎಂದು ಕ್ಷೌರದಂಗಡಿಯ ಬೆರ್ಟಾಲನ್ ಕನ್ನಡಿಯ ಮೇಲೆ ಬಣ್ಣದಲ್ಲಿ ಬರೆಸಿದ್ದ. ಮೊದಲೆರಡು ಪಂದ್ಯ ಗೆದ್ದರು. ಮೂರನೆಯದು ತವರಿನಲ್ಲಿ, ಮಳೆಯಲ್ಲಿ.

ಆ ಪಂದ್ಯದ ಕೊನೆಯ ಎರಡು ನಿಮಿಷ ಉಳಿದಿತ್ತು. ಗ್ಲೇಜರ್ಸ್ ಎರಡು ಅಂಕ ಮುಂದಿದ್ದರು, ಚೆಂಡೂ ಅವರ ಕೈಯಲ್ಲೇ ಇತ್ತು. ಇನ್ನೊಂದು ಸಲ ಹತ್ತು ಗಜ ಪೂರೈಸಿದರೆ ಹೊತ್ತು ಕಳೆದು ಗೆದ್ದಂತೆಯೇ. ನಾಲ್ಕನೆಯ ಯತ್ನದಲ್ಲಿ ಚೆಂಡನ್ನು ಡ್ವೈಟ್ ಪರ್ವಿಸ್‌ಗೆ ಕೊಟ್ಟರು. ಅವನು ಹತ್ತು ವರ್ಷದ ಹಳಬ, ತಲೆ ತಗ್ಗಿಸಿ ಗುಂಪಿನೊಳಗೆ ನುಗ್ಗುವುದೇ ಅವನ ಆಟ. ನುಗ್ಗಿದ. ಹತ್ತು ಹನ್ನೆರಡು ಜನ ಅವನ ಮೇಲೆ ಬಿದ್ದರು. ಒಬ್ಬೊಬ್ಬರನ್ನೇ ಎಬ್ಬಿಸಿ ನೋಡಿದಾಗ ಚೆಂಡು ದಾಟಿದೆಯೋ ಇಲ್ಲವೋ ಹೇಳಲಾಗದಂತೆ ಕೆಸರಿನಲ್ಲಿ ಕೂತಿತ್ತು.

ಸರಪಳಿ ಒಳಗೆ ಹೋಯಿತು. ಆಟದ ತೀರ್ಪು ಕೊಡುವ ಪಂಚ ಗೆರೆಯ ಪಕ್ಕ ಮಂಡಿಯೂರಿ, ಕ್ಲಿಪ್ಪು ಕೈಯಲ್ಲಿ ಹಿಡಿದು ಕೇಳಿದ. "ಎಲ್ಮರ್, ಹಿಂದಿನ ಅಂಚೋ, ಮುಂದಿನ ಅಂಚೋ?"

"ಮುಂದಿನದು," ಅಂದ ಎಲ್ಮರ್.

ಪಂಚ ಕ್ಲಿಪ್ಪನ್ನು ಗೆರೆಯ ಮುಂದಿನ ಅಂಚಿಗಿಟ್ಟ. ಸರಪಳಿ ಬಿಗಿಯಾಯಿತು. ಕೋಲು ನೆಟ್ಟ ಕಡೆಗೂ ಚೆಂಡಿನ ಮೂತಿಗೂ ನಡುವೆ ಮೂರು ಬೆರಳು ಜಾಗ. ಪಂಚ ಎದ್ದು ಎದುರಾಳಿಗಳ ದಿಕ್ಕಿಗೆ ಕೈ ತೋರಿಸಿದ. ಅವರು ನಾಲ್ಕೇ ಯತ್ನದಲ್ಲಿ ಹತ್ತಿರ ಬಂದು, ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ಗಳಿಸಿ, ಒಂದು ಅಂಕದಿಂದ ಗೆದ್ದರು.

ಅಷ್ಟರಲ್ಲಿ ಎಲ್ಮರ್ ತನ್ನ ಜಾಗಕ್ಕೆ ಮರಳಿದ್ದ. ಗೆಲುವಿನ ಒದೆತವನ್ನು ಅವನು ನೋಡಲೇ ಇಲ್ಲ. ಅವನ ತಲೆಯಲ್ಲಿ ಒಂದೇ ಪ್ರಶ್ನೆ ನಿಂತಿತ್ತು. ಮುಂದಿನ ಅಂಚು ಅಂತ ನಾನು ಯಾಕೆ ಹೇಳಿದೆ?

ಹೇಳಲು ಕಾರಣವಿಲ್ಲದೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ಒಂದು ಗೆರೆಯ ಹಿಂದಿನ ಅಂಚು ಬೂಟುಗಳ ತುಳಿತಕ್ಕೆ ಅಳಿಸಿಹೋಗಿತ್ತು. ಅಲ್ಲಿ ಮಾತ್ರ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಅವನು ಮುಂದಿನ ಅಂಚಿಗೆ ಸಿಕ್ಕಿಸಿ, ಮರೆಯದಿರಲೆಂದು 'ಮುಂದಿನದು, ಮುಂದಿನದು' ಎಂದು ಬಾಯಲ್ಲೇ ಅಂದುಕೊಂಡಿದ್ದ. ಆದರೆ ಅದಾದ ಮೇಲೆ ಸರಪಳಿ ಜಾಗ ಬದಲಿಸಿತ್ತೇ? ಹೊಸ ಗೆರೆಗೆ ಮತ್ತೆ ಕ್ಲಿಪ್ಪು ಹಾಕಿದ್ದನೇ? ಹಾಕಿದ್ದರೆ ಹಿಂದಿನ ಅಂಚಿಗೇ ಹಾಕಿರಬೇಕು. ಹಾಗಿದ್ದರೆ ಅಳತೆ ನಾಲ್ಕು ಇಂಚು ಮುಂದೆ ಸರಿದಿತ್ತು, ಪರ್ವಿಸ್ ದಾಟಿದ್ದ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ಅಂಚೆಯ ನಾರ್ಬರ್ಟ್ ಡೂಲಿಯನ್ನು ಕೇಳಿದ. "ಕೊನೇ ಸಲ ನಾನು ಕ್ಲಿಪ್ಪು ಎಲ್ಲಿ ಹಾಕ್ದೆ ನೋಡಿದ್ಯಾ?"

"ನಂಗೇನಯ್ಯಾ ಗೊತ್ತು," ಅಂದ ನಾರ್ಬರ್ಟ್, ಕಾಲುಚೀಲ ಹಿಂಡುತ್ತಾ. "ನಾನು ನನ್ನ ಕೋಲು ನೋಡ್ಕೊಂಡು ನಿಂತಿದ್ದೆ. ಯಾಕೆ?"

"ಏನಿಲ್ಲ ಬಿಡು."

ಮುಂದಿನ ವಾರ ತಂಡ ಪರವೂರಿನಲ್ಲಿ ಸೋತಿತು. ಅದರಾಚೆಯ ವಾರವೂ ಸೋತಿತು. ಎಲ್ಲಿ ಕಟ್ಟು ಬಿಚ್ಚಿತೋ ಯಾರಿಗೂ ತಿಳಿಯಲಿಲ್ಲ, ಆದರೆ ಊರಿಗೆ ಒಂದು ಕಾರಣ ಬೇಕಿತ್ತು, ಅದು ಸಿಕ್ಕಿಯೂ ಬಿಟ್ಟಿತು. ಕ್ಷೌರದಂಗಡಿಯಲ್ಲಿ ಬೆರ್ಟಾಲನ್ ಎಲ್ಮರ್‌ನ ಕುತ್ತಿಗೆಗೆ ನೊರೆ ಬಳಿಯುತ್ತಾ ಹೇಳಿದ. "ಎಲ್ಲಾ ಆ ಪರ್ವಿಸ್‌ನಿಂದ. ಅವತ್ತೇ ತಂಡದ ಜೀವ ಹೋಯ್ತು. ಮೂರು ಬೆರಳು ಕಣಯ್ಯಾ. ನಮ್ಮಜ್ಜಿ ಗಾಲಿಕುರ್ಚೀಲಿ ಕೂತು ದಾಟ್ತಿದ್ಲು."

ಕೂತವರೆಲ್ಲ ನಕ್ಕರು. ಎಲ್ಮರ್ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ.

ಅಕ್ಟೋಬರಿನಲ್ಲಿ ತಂಡ ಮತ್ತೆ ತವರಿಗೆ ಬಂತು. ಆಟಗಾರರು ಒಬ್ಬೊಬ್ಬರಾಗಿ ಸುರಂಗದಿಂದ ಹೊರಗೆ ಓಡಿ ಬರುವಾಗ ಜನ ಎಂದಿನಂತೆ ಕೂಗಿದರು. ಪರ್ವಿಸ್ ಬಂದಾಗ ಕೂಗು ನಿಂತಿತು. ಕೆಳಗಿನ ಸಾಲಿನಲ್ಲಿ ಯಾರೋ ಒಬ್ಬ ಕೈಯೆತ್ತಿ ಮೂರು ಬೆರಳು ತೋರಿಸಿದ. ಪಕ್ಕದವನು ತೋರಿಸಿದ. ಕಾಳ್ಗಿಚ್ಚು ಹಬ್ಬಿದಂತೆ ಅದು ಸಾಲಿನಿಂದ ಸಾಲಿಗೆ ಏರಿ, ಐವತ್ತು ಸಾವಿರ ಜನ ಮಾತಿಲ್ಲದೆ ಮೂರು ಬೆರಳೆತ್ತಿ ನಿಂತರು. ಮುದುಕಿಯರು, ಪಾದ್ರಿಗಳು, ಕಾರ್ಖಾನೆಯಲ್ಲಿ ಎಲ್ಮರ್‌ನ ಜೊತೆ ಊಟಕ್ಕೆ ಕೂರುವವರು. ಪರ್ವಿಸ್ ಓಡುತ್ತಿದ್ದವನು ನಡೆಯತೊಡಗಿದ. ಎಲ್ಮರ್ ಅವನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು, ಕ್ಲಿಪ್ಪು ಹಿಡಿದು ನಿಂತಿದ್ದ. ಅವನಿಗೆ ಆ ಬೆರಳುಗಳೆಲ್ಲ ತನ್ನ ಕಡೆಗೇ ತಿರುಗಿದಂತೆ ಕಂಡಿತು.

ಅಂದಿನಿಂದ ಅವು ಅವನನ್ನು ಬಿಡಲಿಲ್ಲ. ಗಾಜಿನ ಮುಂದೆ ನಿಂತರೆ ಗಾಜಿನಲ್ಲಿ ಮೂರು ಉದ್ದ ಗೀರು. ಸೀಮೆಸುಣ್ಣ ಹಾಕಿ ಪಕ್ಕಕ್ಕೆ ತೆಗೆಸಿದರೆ ಮುಂದಿನದರಲ್ಲೂ ಅವೇ ಗೀರು. ಒಂದು ದಿನ ಬೆಳಗಿನಿಂದ ಊಟದ ಹೊತ್ತಿಗೆ ನಲವತ್ತು ಗಾಜು ತಿರಸ್ಕರಿಸಿದ. ಮೇಸ್ತ್ರಿ ಬಂದು ನೋಡಿದ, ಉಗುರಿನಿಂದ ಕೆರೆದು ನೋಡಿದ, ಎಲ್ಲವೂ ನೀರಿನಷ್ಟು ತಿಳಿಯಾಗಿದ್ದವು.

"ಎಲ್ಮರ್, ಕನ್ನಡಕ ಮಾಡಿಸ್ಕೊ," ಅಂದ ಮೇಸ್ತ್ರಿ, ನೋಯಿಸದ ದನಿಯಲ್ಲಿ. ಮೂವತ್ತೊಂದು ವರ್ಷದಲ್ಲಿ ಯಾರೂ ಅವನಿಗೆ ಆ ಮಾತು ಹೇಳಿರಲಿಲ್ಲ.

ಒಂದು ಗುರುವಾರ ಅರ್ಧ ದಿನ ರಜೆ ಹಾಕಿ ಅವನು ಮೈದಾನಕ್ಕೆ ಹೋದ. ಹುಲ್ಲು ನೋಡಿಕೊಳ್ಳುವವನು ಗುರುತು ಹಿಡಿದು ಒಳಗೆ ಬಿಟ್ಟ. ಖಾಲಿ ಕುರ್ಚಿಗಳ ನಡುವೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು, ಎಲ್ಲೋ ಒಂದು ಹಗ್ಗ ಕಂಬಕ್ಕೆ ಟಪ್ ಟಪ್ ಬಡಿಯುತ್ತಿತ್ತು. ಎಲ್ಮರ್ ಅಂದು ನಿಂತಿದ್ದ ಜಾಗಕ್ಕೆ ಹೋಗಿ ಬಗ್ಗಿದ. ಕಣ್ಣು ಮರೆತರೂ ಕೈ ಮರೆತಿರಲಾರದು ಎಂಬುದು ಅವನ ಎಣಿಕೆ. ಕಣ್ಣು ಮುಚ್ಚಿ ಕೈ ಚಾಚಿದ. ಕೈ ಹಿಂದಿನ ಅಂಚಿಗೆ ಹೋಯಿತು. ಎದ್ದು ನಾಲ್ಕು ಹೆಜ್ಜೆ ನಡೆದು ಬಂದು ಮತ್ತೆ ಬಗ್ಗಿದ. ಈ ಸಲ ಮುಂದಿನ ಅಂಚಿಗೆ ಹೋಯಿತು. ಮೂವತ್ತು ಸಲವೋ ನಲವತ್ತು ಸಲವೋ ಹಾಗೆ ಮಾಡಿದ. ತಲೆಯೆತ್ತಿದಾಗ ಖಾಲಿ ಕುರ್ಚಿಗಳಲ್ಲಿ ಜನ ಕೂತಂತೆ, ಅವನು ಹೇಳುವುದನ್ನೇ ಕಾಯುತ್ತಿರುವಂತೆ ಅನಿಸಿ, ಟೋಪಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದ.

ಆ ಸಂಜೆ ಹೆಂಡತಿ ಹೆಲೆನ್‌ಗೆ ಎಲ್ಲ ಹೇಳಿದ. ಅವಳು ಕೋಸಿನ ಎಲೆಯಲ್ಲಿ ಅಕ್ಕಿ, ಮಾಂಸ ಸುತ್ತುತ್ತಿದ್ದಳು. ಸುತ್ತುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಯಾರಿಗೆ ಹೇಳ್ಬೇಕು ಅಂತಿದೀಯಾ?"

"ಗುಂಪಿನ ಯಜಮಾನನಿಗೆ ಹೇಳ್ದೆ. ನಿಂಗೇ ಸರಿಯಾಗಿ ಗೊತ್ತಿಲ್ಲ, ಬಾಯ್ಮುಚ್ಕೊಂಡಿರು ಅಂದ."

"ಅವನು ಹೇಳಿದ್ದು ಸರಿಯಾಗೇ ಇದೆ."

"ಆ ಮನುಷ್ಯ ತಲೆ ತಗ್ಗಿಸ್ಕೊಂಡು ಓಡಾಡ್ತಿದಾನೆ ಹೆಲೆನ್."

ಅವಳು ಕೈ ಒರೆಸಿಕೊಂಡು ಅವನ ಎದುರು ಕೂತಳು. "ನಿಂಗೆ ಗೊತ್ತಿಲ್ಲದ್ದನ್ನ ಅವನಿಗೆ ಹೇಗೆ ಹೇಳ್ತೀಯಾ?"

ಎಲ್ಮರ್ ಒಂದು ಕೋಸಿನ ಎಲೆ ಎತ್ತಿಕೊಂಡು ತಾನೂ ಸುತ್ತತೊಡಗಿದ.

ಒಂಬತ್ತನೆಯ ಪಂದ್ಯ ಮುಗಿದ ಮೇಲೆ ತಂಡದವರು ಪರ್ವಿಸ್‌ನನ್ನು ಕೈಬಿಟ್ಟರು. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಎರಡು ದಿನ ಬಿಟ್ಟು, ಕಾರ್ಖಾನೆಯಿಂದ ನೇರವಾಗಿ, ಹೆಲೆನ್ ಮಾಡಿದ್ದ ಗಸಗಸೆಯ ಸುರುಳಿ ರೊಟ್ಟಿಯೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎಲ್ಮರ್ ಅವನ ಬಾಡಿಗೆ ಮನೆಗೆ ಹೋದ. ಮನೆ ಮುಂದೆ ಸಾಮಾನು ಗಾಡಿ ನಿಂತಿತ್ತು. ಪರ್ವಿಸ್ ಒಂದು ಮೇಜುದೀಪ ಹಿಡಿದು ಮೆಟ್ಟಿಲಿಳಿಯುತ್ತಿದ್ದ. ಮೈದಾನದಲ್ಲಿ ಕಂಡದ್ದಕ್ಕಿಂತ ಗಿಡ್ಡನಾಗಿದ್ದ, ಎಡಗಾಲು ಸ್ವಲ್ಪ ಎಳೆಯುತ್ತಿತ್ತು.

"ನೀವು ಸರಪಳಿಯೋರಲ್ವಾ?" ಅಂದ.

"ಹೌದು, ಟಕಾಚ್ ಅಂತ. ಊರು ಬಿಡ್ತಾ ಇದೀರಾ?"

"ಜಾರ್ಜಿಯಾಕ್ಕೆ. ನಮ್ಮಪ್ಪನ ಮನೆಗೆ."

ಎಲ್ಮರ್ ನಿಂತಲ್ಲೇ ಎಲ್ಲ ಹೇಳಿದ. ಅಳಿಸಿಹೋದ ಗೆರೆ, ಬಾಯಿಂದ ಬಂದ ಮಾತು, ನಾಲ್ಕು ಇಂಚು. ಪರ್ವಿಸ್ ದೀಪವನ್ನು ಕೆಳಗಿಡಲೂ ಇಲ್ಲ, ಗಾಡಿಗೆ ಹಾಕಲೂ ಇಲ್ಲ. ಒಳಗಿಂದ ಅವನ ಹೆಂಡತಿ ಏನೋ ಕೇಳಿದಳು.

"ಅಂದ್ರೆ ನಾನು ದಾಟಿದ್ದೆ ಅಂತೀರಾ?"

"ಗೊತ್ತಿಲ್ಲ."

"ದಾಟಿರ್ಲಿಲ್ಲ ಅಂತೀರಾ?"

"ಅದೂ ಗೊತ್ತಿಲ್ಲ."

ಪರ್ವಿಸ್ ದೀಪವನ್ನು ಇನ್ನೊಂದು ಕೈಗೆ ಬದಲಿಸಿದ. "ತಪ್ಪು ಮಾಡ್ದೆ ಅಂತ ಬಂದಿದ್ರೆ ನಿಮ್ಮ ಮೇಲೆ ಸಿಟ್ಟಾದ್ರೂ ಮಾಡ್ಕೋಬಹುದಿತ್ತು. ನಾನು ಸಾಲ್ಲಿಲ್ಲ ಅಂತ ಮನಸ್ಸಿಗೆ ಒಪ್ಪಿಸ್ಕೊಂಡಿದ್ದೆ ಸ್ವಾಮಿ. ನಮ್ಮಪ್ಪನಿಗೂ ಫೋನ್ ಮಾಡಿ ಹೇಳಿದ್ದೆ, ಸಾಲ್ಲಿಲ್ಲ ಅಂತ. ನಿನ್ನೆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಈಗ ಇದನ್ನ ತಂದ್ರಿ."

"ಕ್ಷಮಿಸಿ."

"ಯಾರಿಗೋಸ್ಕರ ಬಂದ್ರಿ? ನಂಗೋಸ್ಕರಾನಾ, ನಿಮಗೋಸ್ಕರಾನಾ?"

ಎಲ್ಮರ್ ಯೋಚಿಸಿದ. "ನಂಗೋಸ್ಕರಾನೇ ಇರ್ಬೇಕು," ಅಂದ.

ಪರ್ವಿಸ್ ಸಣ್ಣಗೆ ನಕ್ಕ. ದೀಪವನ್ನು ಗಾಡಿಯಲ್ಲಿಟ್ಟ. ರೊಟ್ಟಿಯ ಗಂಟನ್ನು ಇಸಿದುಕೊಂಡ. ಹೊರಡುವ ಮುಂಚೆ ಎಲ್ಮರ್‌ನ ವಿಳಾಸ, ಫೋನ್ ನಂಬರು ಬರೆಸಿಕೊಂಡ. ಯಾಕೆಂದು ಇವನು ಕೇಳಲಿಲ್ಲ, ಅವನು ಹೇಳಲಿಲ್ಲ.

ಗ್ಲೇಜರ್ಸ್ ಆ ವರ್ಷ ಮೂರು ಗೆದ್ದು ಹದಿಮೂರು ಸೋತಿತು. ಕೊನೆಯ ಪಂದ್ಯಕ್ಕೆ ಹಿಮ ಸುರಿಯುತ್ತಿತ್ತು, ಜನ ಅರ್ಧಕ್ಕರ್ಧ ಬರಲಿಲ್ಲ, ಬಂದವರು ಕಂಬಳಿ ಹೊದ್ದು ಮಾತಿಲ್ಲದೆ ಕೂತಿದ್ದರು. ಪಂದ್ಯ ಮುಗಿದ ಮೇಲೆ ಎಲ್ಮರ್ ಮೇಲಂಗಿಯನ್ನು ಮಡಿಸಿ ಕೊಟ್ಟು ಬಂದ. ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ. ಕಾರ್ಖಾನೆಯಲ್ಲೂ ಗಾಜು ನೋಡುವ ಕೆಲಸ ಬಿಟ್ಟು ಪೆಟ್ಟಿಗೆ ಕಟ್ಟುವ ಕಡೆ ಹಾಕಿಸಿಕೊಂಡ.

ಮರುವರ್ಷ ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ ಫೋನ್ ಬಂತು.

"ಪರ್ವಿಸ್ ಮಾತಾಡ್ತಿರೋದು. ಯಾವ ಅಂಚು ಅಂತ ನೆನಪಾಯ್ತಾ?"

"ಇಲ್ಲಪ್ಪ."

"ಸರಿ."

ಅಷ್ಟೇ. ಅದರ ಮುಂದಿನ ವರ್ಷವೂ ಬಂತು. ಆಮೇಲೆ ಫುಟ್‌ಬಾಲಿನ ಕಾಲದಲ್ಲಿ ತಿಂಗಳಿಗೊಂದು ಸಲ. ಕೇಳುವ ಮಾತು ಕೇಳಿ ಆದ ಮೇಲೆ ಇಬ್ಬರೂ ಫೋನ್ ಇಡುತ್ತಿರಲಿಲ್ಲ. ಪರ್ವಿಸ್ ಅಲ್ಲೊಂದು ಶಾಲೆಯಲ್ಲಿ ಆಟ ಕಲಿಸುತ್ತಿದ್ದ. ಅವನ ಮಂಡಿಯ ಶಸ್ತ್ರಚಿಕಿತ್ಸೆ, ಎಲ್ಮರ್‌ನ ಎದೆನೋವು, ಅಲ್ಲಿಯ ಬಿಸಿಲು, ಇಲ್ಲಿಯ ಹಿಮ, ಹೀಗೆ ಏನೇನೋ. ನಡುನಡುವೆ ಇಬ್ಬರೂ ಸುಮ್ಮನಾಗುತ್ತಿದ್ದರು, ಆ ಮೌನದಲ್ಲಿ ಮಳೆಯ ಸದ್ದು ಕೇಳಿಸುತ್ತದೆಂದು ಎಲ್ಮರ್ ಒಮ್ಮೆ ಹೆಂಡತಿಗೆ ಹೇಳಿದ್ದ. ಹನ್ನೊಂದು ವರ್ಷ ಹೀಗೆ ನಡೆಯಿತು.

ಹನ್ನೆರಡನೆಯ ವರ್ಷದ ಆಗಸ್ಟಿನಲ್ಲಿ ಎಲ್ಮರ್ ತೀರಿಕೊಂಡ. ಸೆಪ್ಟೆಂಬರಿನಲ್ಲಿ ಪರ್ವಿಸ್‌ನ ಫೋನ್ ಬಂದಾಗ ಹೆಲೆನ್ ಎತ್ತಿಕೊಂಡು ವಿಷಯ ತಿಳಿಸಿದಳು.

"ಕೊನೇಲಿ ಏನಾದ್ರೂ ಹೇಳಿದ್ರಾ ಅಮ್ಮಾ?"

ಆಸ್ಪತ್ರೆಯಲ್ಲಿ ಎಲ್ಮರ್ ಕಿಟಕಿ ಮುಚ್ಚು ಅಂದಿದ್ದ, ಬೇರೇನೂ ಹೇಳಿರಲಿಲ್ಲ. ಹೆಲೆನ್ ಗೋಡೆಗೆ ಒರಗಿ ನಿಂತಳು.

"ಹೇಳಿದ," ಅಂದಳು. "ನೆನಪಾಯ್ತು ಅಂದ. ಹಿಂದಿನ ಅಂಚಂತೆ. ನೀನು ದಾಟಿದ್ದೆಯಂತೆ ಕಣಪ್ಪ."

ಪರ್ವಿಸ್ ಉಸಿರಾಡುವುದು ಅವಳಿಗೆ ಕೇಳಿಸುತ್ತಿತ್ತು.

"ಅವರು ಹಾಗೆ ಹೇಳಿರಲ್ಲ," ಅಂದ ಕೊನೆಗೆ, ಮೆತ್ತಗೆ. "ಹೇಳೋ ಮನುಷ್ಯನೇ ಅಲ್ಲ. ಆದ್ರೂ ನೀವು ಹೇಳಿದ್ರಲ್ಲ, ಅದಕ್ಕೆ ನಮಸ್ಕಾರ."

ಮತ್ತೆ ಅವನು ಫೋನ್ ಮಾಡಲಿಲ್ಲ. ಭಾನುವಾರ ಮಧ್ಯಾಹ್ನ ಹೆಲೆನ್ ಮಾತ್ರ ಬಹಳ ದಿನ ಮನೆ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ.