ಒಂಬತ್ತು ಇಪ್ಪತ್ತಕ್ಕೆ ಹೋದ ನೀರು

ಬಸವೇಶ್ವರನಗರದ ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಬಂದ ಹೊತ್ತು, ಹೋದ ಹೊತ್ತು ಎರಡನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ನನ್ನ ಹಳೆಯ ಚಾಳಿ. ಮನೆಯವರು ಅದನ್ನು 'ಶಾಸನ' ಎಂದು ಆಡಿಕೊಳ್ಳುತ್ತಾರೆ.

ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ಆ ಬೆಳಿಗ್ಗೆ ಬಚ್ಚಲಿನಿಂದ ಕೂಗಿದಳು, "ಅಮ್ಮಾ, ನೀರು ಹೋಯ್ತು."

"ಹೋಗ್ಲಿ ಬಿಡೇ, ಸಂಪ್ ತುಂಬಿದೆ," ಎಂದು ಗಡಿಯಾರ ನೋಡಿ ಬರೆದೆ: 9.20, ನೀರು ಹೋಯಿತು. ಒಗ್ಗರಣೆಗೆ ಸಾಸಿವೆ ಹಾಕಿದೆ.

"ನಲ್ಲೀದಲ್ಲಮ್ಮ, ನಂದು."

ಸಾಸಿವೆ ಸಿಡಿಯುವ ಮೊದಲೇ ಒಲೆ ಆರಿಸಿ ಆಟೋ ಹಿಡಿದೆವು. ಆಪರೇಷನ್ ಇಲ್ಲದೆ ಹೆರಿಗೆಯಾಗಲಿ ಎಂಬುದೊಂದೇ ಮಗಳ ಹಂಬಲ.

ಆಸ್ಪತ್ರೆಯಲ್ಲಿ ಚಿಕ್ಕ ಡಾಕ್ಟರಮ್ಮ ಕೇಳಿದಳು, "ನೀರು ಎಷ್ಟೊತ್ತಿಗೆ ಹೋಯ್ತು? ಕರೆಕ್ಟ್ ಟೈಮ್ ಬೇಕು. ತುಂಬಾ ಹೊತ್ತಾಗಿದ್ರೆ ಕಾಯಕ್ಕಾಗಲ್ಲ, ಆಪರೇಷನ್ ಅಂತಾರೆ ದೊಡ್ಡ ಡಾಕ್ಟ್ರು."

ಮಗಳು ನೋವಿನಲ್ಲಿ, "ಗೊತ್ತಿಲ್ಲ, ಯಾವಾಗ್ಲೋ," ಎಂದಳು.

"ಒಂಬತ್ತು ಇಪ್ಪತ್ತು," ಎಂದೆ ನಾನು.

"ಅಂದಾಜಾ ಆಂಟಿ?"

ಮನೆಯವರಿಗೆ ಫೋನ್ ಮಾಡಿ ಕ್ಯಾಲೆಂಡರಿನ ಫೋಟೋ ತರಿಸಿದೆ. ಡಾಕ್ಟರಮ್ಮ ಓದಿದಳು: "8.40, ನೀರು ಬಂತು. 9.20, ನೀರು ಹೋಯಿತು. ಇದು ಕಾವೇರಿ ನೀರಲ್ವಾ?"

"ಬಂದಿದ್ದು ಕಾವೇರಿ. ಹೋಗಿದ್ದು ಇವಳದು."

ನಗುತ್ತಲೇ ಆಕೆ ಒಳಗೆ ಹೋಗಿ ಬಂದಳು. "ಇನ್ನೂ ಟೈಮಿದೆ, ಕಾಯೋಣ ಅಂದ್ರು." ಕೈಯಲ್ಲಿ ಸಣ್ಣ ಟ್ಯೂಬೊಂದಿತ್ತು. ಆಕೆಯ ಓದಿನ ಸಂಶೋಧನೆಗೆ ಆ ನೀರು ಒಂದಿಷ್ಟು ಬೇಕಂತೆ, ಮಗಳು ಒಪ್ಪಿ ಸೈನ್ ಹಾಕಿದ್ದಳು. "ಹೆರಿಗೇಲಿ ಮಗೂಗೂ ಕಷ್ಟ ಅಲ್ವಾ ಆಂಟಿ, ಒತ್ತಡದ ಹಾರ್ಮೋನ್ ಈ ನೀರಲ್ಲಿ ಎಷ್ಟಿದೆ ಅಂತ ನೋಡ್ತೀವಿ."

"ಅಜ್ಜಿ ಒತ್ತಡಾನೂ ಅದ್ರಲ್ಲಿ ಬರುತ್ತಾ?"

"ಬಂದಿದ್ರೆ ಈ ಟ್ಯೂಬ್ ಎಲ್ಲಿ ಸಾಲ್ತಿತ್ತು?"

ನಾನು ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತೆ. ಅಷ್ಟರಲ್ಲಿ ಬಂದು ಪಕ್ಕದಲ್ಲಿ ಕೂತ ಮನೆಯವರು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದರು. ಮಧ್ಯಾಹ್ನ ದಾಟಿದ ಮೇಲೆ ಒಳಗಿನಿಂದ ಅಳು ಕೇಳಿತು. ಆಪರೇಷನ್ ಇಲ್ಲ, ಹೆಣ್ಣುಮಗು.

ಮನೆಗೆ ಬಂದು ಕ್ಯಾಲೆಂಡರಿನ ಅದೇ ಚೌಕದಲ್ಲಿ ಜಾಗ ಹುಡುಕುತ್ತಿದ್ದೆ. ಪೆನ್ನು ಕಸಿದುಕೊಂಡು ಮನೆಯವರೇ ಬರೆದರು: 3.10, ಬಂದಳು.