ನಾನು ಮಾಡದ ಫೋನು

ಆ ದಿನ ನಾನು ಫೋನ್ ಮಾಡಲೇ ಇಲ್ಲ, ದುರುಗಮ್ಮ. ಮಾಡಿದ್ದೆ, ಸ್ವಿಚ್ ಆಫ್ ಬಂತು ಎಂದು ನಿಮ್ಮ ಮುಖ ನೋಡಿಕೊಂಡೇ ಹೇಳಿದೆನಲ್ಲ — ಅದು ಸುಳ್ಳು. ನಿಮ್ಮ ನಂಬರು ನನ್ನ ಪುಸ್ತಕದ ರಟ್ಟಿನ ಮೇಲೆಯೇ ಇತ್ತು. ಸಿಗ್ನಲ್ ಇತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಸಮಯವೂ ಇತ್ತು. ಮಾಡಬಾರದು ಎಂದುಕೊಂಡೇ ಮಾಡಲಿಲ್ಲ. ಇದಾಗಿ ಆರು ವರ್ಷ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಿಮ್ಮನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ತಪ್ಪು ಒಪ್ಪಿಕೊಳ್ಳುವವರು ಸಾಮಾನ್ಯವಾಗಿ ಎದುರಿನವರನ್ನು ದೇವರ ಸಮಕ್ಕೆ ಏರಿಸಿ, ತಾವು ಕಣ್ಣು ಒರೆಸಿಕೊಂಡು ಮಾತಾಡುತ್ತಾರೆ. ನನ್ನಿಂದ ಅದಾಗದು. ಎಲೆ ಅಡಿಕೆ ಜಗಿಯುತ್ತಾ, ನನ್ನ ಮಾತು ಮುಗಿಯುವ ಮೊದಲೇ ನೀವು ಪಕ್ಕಕ್ಕೆ ಉಗುಳುತ್ತಿದ್ದ ರೀತಿ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆದರೆ ನೀವು ಒಳ್ಳೆಯ ಮಾತಿನವರಾಗಿದ್ದರೆ ಮಾತ್ರ ನಾನು ಮಾಡಿದ್ದು ತಪ್ಪು, ಇಲ್ಲದಿದ್ದರೆ ಅಲ್ಲ — ಹಾಗೇನೂ ಇಲ್ಲವಲ್ಲ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಲು ಇಷ್ಟು ವರ್ಷ ಬೇಕಾಯಿತು.

ಆಗ ನಾನು ನಿಮ್ಮನ್ನು 'ನೀನು' ಎನ್ನುತ್ತಿದ್ದೆ. ನೀವು ನನಗಿಂತ ಹತ್ತು ವರ್ಷ ದೊಡ್ಡವರು. ಡೇರೆಯಲ್ಲಿರುವವರಿಗೆ ಯಾರು ಬಹುವಚನ ಹಾಕುತ್ತಾರೆ? ಕಾಗದದ ಮೇಲೆ ಈಗ ಹಾಕುತ್ತಿದ್ದೇನೆ — ಅದನ್ನೂ ದೊಡ್ಡ ಉಪಕಾರ ಎಂದುಕೊಳ್ಳಬೇಡಿ.

ನಮ್ಮಿಬ್ಬರ ಪರಿಚಯ ಇಲ್ಲದವರೂ ಇದನ್ನು ಓದಬಹುದು, ಅವರಿಗಾಗಿ ಹೇಳುತ್ತೇನೆ. ಜಗಳೂರಿನ ಹೊರಗೆ, ಕೆರೆ ಅಂಗಳದ ಅಂಚಿನ ಬೀಳು ಜಾಗದಲ್ಲಿ ಹತ್ತೊಂಬತ್ತು ಡೇರೆಗಳಿದ್ದವು. ಹೆಂಗಸರು ತಲೆ ಬಾಚಿ ಉಳಿಸಿಟ್ಟ ಕೂದಲನ್ನು ಮನೆಮನೆಗೆ ಹೋಗಿ ತೆಗೆದುಕೊಂಡು, ಬದಲಿಗೆ ಸ್ಟೀಲ್ ಬಟ್ಟಲು, ಪ್ಲಾಸ್ಟಿಕ್ ಬುಟ್ಟಿ ಕೊಡುವ ಕುಟುಂಬಗಳು. ಎಷ್ಟೋ ವರ್ಷದಿಂದ ಅಲ್ಲೇ ಇದ್ದರೂ ಯಾರ ಹೆಸರಿನಲ್ಲೂ ಗೇಣು ಜಾಗವಿರಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಸಂಸ್ಥೆ ನನ್ನನ್ನು ಅಲ್ಲಿಗೆ ಕಳಿಸಿದ್ದು ಒಂದೇ ಕೆಲಸಕ್ಕೆ: ಮನೆಯಿಲ್ಲದವರ ಜೊತೆ ಕೂತು, ಅವರಿಗೆ ಬೇಕಾದ ಯೋಜನೆಯನ್ನು ಅವರಿಂದಲೇ ಮಾಡಿಸುವುದು. ಜನರ ಜೊತೆ ಕೂರುವುದರಲ್ಲಿ ನಾನು ಪಳಗಿದವಳು ಎಂದು ಹೆಸರಿತ್ತು. ಚಾಪೆ ಬೇಡ, ನೆಲವೇ ಸಾಕು ಎಂದು ಕೂರುತ್ತಿದ್ದೆ. ಅವರ ಲೋಟದಲ್ಲೇ ಟೀ ಕುಡಿಯುತ್ತಿದ್ದೆ. ಹಾಗೆ ಕುಡಿಯುವಾಗ ಯಾರಾದರೂ ಫೋಟೊ ತೆಗೆದರೆ ಚೆನ್ನ ಅಂತಲೂ ಅನ್ನಿಸುತ್ತಿತ್ತು.

ನಿಮಗೇನು ಬೇಕು ಹೇಳಿ ಎಂದು ಎಲ್ಲರನ್ನೂ ಕೇಳಿದೆ. ಉತ್ತರ ಮಾತ್ರ ಮೊದಲೇ ನನ್ನ ಬ್ಯಾಗಿನಲ್ಲಿತ್ತು — ಹೊಲಿಗೆ ತರಬೇತಿ, ಆರು ಮಷಿನ್. ಅದು ನಿಮ್ಮ ಬಾಯಿಂದಲೇ ಬರುವಂತೆ ಮಾಡುವುದಷ್ಟೇ ಬಾಕಿ. ಎರಡು ಸಭೆ ಸಲೀಸಾಗಿ ನಡೆದವು. ಮೂರನೆಯದಕ್ಕೆ ನಮ್ಮ ಸಂಸ್ಥೆಯ ಮುಖ್ಯಸ್ಥರು ಬಂದಿದ್ದರು. ಹೆಂಗಸರು ಹೊಲಿಗೆಗೆ ಒಪ್ಪಿದ್ದಾರೆ ಸರ್ ಎಂದು ನಾನು ಹೇಳುತ್ತಿದ್ದಾಗ ನೀವು ಉಗುಳಿ ಬಾಯಿ ಒರೆಸಿಕೊಂಡಿರಿ.

"ಮಷಿನ್ ಎಲ್ಲಿಡಾಕೆ ಹೇಳ್ತೀರಿ ಮೇಡಮ್ಮೋರೆ? ಮಳೆ ಬಂದ್ರೆ ನಾವೇ ಮುದುರ್ಕೊಂಡು ಕೂರ್ತೀವಿ. ಅದನ್ನ ತಲೆ ಮೇಲೆ ಹೊತ್ಕೊಂಡು ಕೂರಾಕೆ ಆಗ್ತೈತಾ?"

ಎಲ್ಲರೂ ನಕ್ಕರು. ಮುಖ್ಯಸ್ಥರೂ ನಕ್ಕರು. ನಾನೂ ನಕ್ಕೆ — ಹಲ್ಲು ಕಚ್ಚಿಕೊಂಡು. ನೀವು ಅಲ್ಲಿಗೂ ನಿಲ್ಲಿಸಲಿಲ್ಲ. ತಿರುಗಲು ನಮಗೆ ಕಾಲಿದೆ, ತಿರುಗಲಾರದವರಿಗೆ ಒಂದು ಜಾಗ ಮಾಡಿ ಎಂದಿರಿ. ನಾವು ಹದಿನೈದು ದಿನ, ತಿಂಗಳು ಊರೂರು ಸುತ್ತುತ್ತೇವೆ. ಮುದುಕರು, ಬಾಣಂತಿಯರು, ಕಾಯಿಲೆಯವರು ಡೇರೆಯಲ್ಲಿ ಒಬ್ಬೊಬ್ಬರೇ ಬಿದ್ದಿರುತ್ತಾರೆ. ಅವರೆಲ್ಲ ಒಂದೇ ಸೂರಿನಡಿ ಇದ್ದರೆ ಪಾಳಿಯ ಮೇಲೆ ಒಬ್ಬರು ಉಳಿದು ಅಡಿಗೆ ಮಾಡಿ ನೋಡಿಕೊಳ್ಳಬಹುದು ಎಂದಿರಿ. ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಗೀಚಿಯೂ ತೋರಿಸಿದಿರಿ: ಇಲ್ಲಿ ಮಂಚ, ಇಲ್ಲಿ ಒಲೆ, ಇಲ್ಲಿ ಬಾಗಿಲು. "ಬಾಗ್ಲು ಅಗಲ ಇರ್ಲಿ. ಒಬ್ರನ್ನ ಇಬ್ರು ಹೊತ್ಕೊಂಡು ಬರಂಗಿರ್ಬೇಕು" ಎಂದಿರಿ.

ನಿಮ್ಮ ಗಂಡ ತಿಪ್ಪಣ್ಣನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿತ್ತು. ಮಕ್ಕಳಿಲ್ಲದ ನೀವು ಅವರನ್ನು ಸಾಮಾನಿನ ಆಟೊದಲ್ಲಿ ಪಾತ್ರೆ ಚೀಲಗಳ ನಡುವೆ ಕೂರಿಸಿಕೊಂಡೇ ಚನ್ನಗಿರಿ, ಹೊನ್ನಾಳಿ ಕಡೆಗೆಲ್ಲ ಹೋಗುತ್ತಿದ್ದಿರಿ. ಆ ಬಾಗಿಲು ಯಾರಿಗಾಗಿ ಅಗಲವಾಗಬೇಕಿತ್ತು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೂ.

ವಾಪಸು ಹೋಗುವಾಗ ಮುಖ್ಯಸ್ಥರು ಜೀಪಿನಲ್ಲಿ ಕೇಳಿದರು: ಆ ಹೆಂಗಸು ಅರ್ಧ ಗಂಟೆಯಲ್ಲಿ ಹೇಳಿದ್ದು ನಿಮಗೆ ಎರಡು ತಿಂಗಳಲ್ಲಿ ಹೊಳೆಯಲಿಲ್ಲವಾ? ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಅವತ್ತೇ ನಿಮ್ಮ ಮೇಲೆ ಹಗೆ ಬೆಳೆಯಿತು. ಹಗೆ ಎಂಬ ಪದವನ್ನು ತೂಗಿ ನೋಡಿಯೇ ಬರೆಯುತ್ತಿದ್ದೇನೆ. ಬೇಸರ, ಅಸಮಾಧಾನ ಎಂದೆಲ್ಲ ಬರೆದು ಹೊಡೆದುಹಾಕಿದ ಮೇಲೆ.

ಯೋಜನೆ ಒಪ್ಪಿಗೆಯಾಯಿತು. ಊರಂಚಿನ ಒಂದು ಹಳೆಯ ಗೋದಾಮು ಕೊಡಲು ತಾಲ್ಲೂಕು ಕಚೇರಿಯವರು ಒಪ್ಪಿದರು, ಒಂದು ಷರತ್ತಿನ ಮೇಲೆ — ಅಲ್ಲೇ ನೆಲೆಯಾಗಿರುವ ಕುಟುಂಬಗಳನ್ನು ತಾವೇ ಬಂದು ನೋಡಿ ಪಟ್ಟಿ ಮಾಡುತ್ತೇವೆ, ಪಟ್ಟಿಯಲ್ಲಿದ್ದವರಿಗಷ್ಟೇ ಆ ಮನೆ. ಅವರು ಬರುವ ದಿನ ಇನ್ನೂ ಗೊತ್ತಾಗಿರಲಿಲ್ಲ. ನೀವು ನ್ಯಾಮತಿ ಕಡೆ ಹೊರಟಿದ್ದಿರಿ. ನನ್ನ ಹತ್ತಿರ ಬಂದು ನನ್ನ ಪುಸ್ತಕದ ರಟ್ಟಿನ ಮೇಲೆ ನಂಬರು ಬರೆಸಿದಿರಿ. ಬರೆದದ್ದನ್ನು ಮತ್ತೆ ಓದಿಸಿ ಕೇಳಿಕೊಂಡಿರಿ.

"ಎಣಿಸಾಕೆ ಬರೋ ದಿನ ಒಂದು ಫೋನ್ ಮಾಡ್ರಿ. ಎಲ್ಲಿದ್ರೂ ಬಸ್ ಹತ್ತಿ ಬರ್ತೀನಿ" ಎಂದಿರಿ.

ನಾಳೆ ಎಣಿಸಲು ಬರುತ್ತಾರೆ ಎಂದು ಹಿಂದಿನ ಸಂಜೆಯೇ ನನಗೆ ಸುದ್ದಿ ಬಂತು. ಪುಸ್ತಕ ಮಡಿಲಲ್ಲಿತ್ತು. ರಟ್ಟಿನ ಮೇಲಿನ ನಂಬರು ನೋಡಿದೆ. ಬೆಳಿಗ್ಗೆ ಮಾಡೋಣ ಅಂದುಕೊಂಡೆ. ಬೆಳಿಗ್ಗೆ — ಏನೆಂದು ಹೇಳಲಿ — ಮಾಡದಿದ್ದರೆ ಏನಾಗುತ್ತದೆ ನೋಡೋಣ ಎನ್ನಿಸಿತು. ಒಮ್ಮೆಯಾದರೂ ಈ ಹೆಂಗಸಿಗೆ ನನ್ನ ಬಿಸಿ ಮುಟ್ಟಲಿ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಇದ್ದಿದ್ದರೆ ಇವತ್ತು ಅದನ್ನಾದರೂ ಹಿಡಿದುಕೊಳ್ಳುತ್ತಿದ್ದೆ.

ಪಟ್ಟಿ ಮಾಡಲು ಕಚೇರಿಯ ಸಾಹೇಬರು ಬಂದರು. ಅವರವರ ಡೇರೆಯ ಮುಂದೆ ಅವರವರು ನಿಂತಿರಬೇಕು ಎಂದು ನಾನೇ ಎಲ್ಲರಿಗೂ ಹೇಳಿದ್ದರಿಂದ ನಮ್ಮ ಹತ್ತಿರ ಬೇರೆ ಯಾರೂ ಇರಲಿಲ್ಲ. ಕೊನೆಯಲ್ಲಿದ್ದ ನಿಮ್ಮ ಡೇರೆಯ ಬಾಯಿಗೆ ಹಗ್ಗ ಬಿಗಿದಿತ್ತು. ಇದು ಯಾರದ್ದು ಎಂದು ಅವರು ಕೇಳಿದರು. ಎರಡು ದಿನ ಬಿಟ್ಟು ಬರುತ್ತಾರೆ ಎಂದು ನಾನು ಹೇಳಿದ್ದರೆ ಸಾಕಿತ್ತು, ಅವರು ಬರೆದುಕೊಳ್ಳುತ್ತಿದ್ದರು, ಮೃದು ಮನುಷ್ಯ.

"ಬಂದು ಹೋಗೋರು ಸರ್" ಎಂದೆ.

ಅವರು ಹಾಳೆ ಮಡಚಿದರು. ಹದಿನೆಂಟು ಕುಟುಂಬ.

ಹತ್ತು ದಿನ ಬಿಟ್ಟು ನೀವು ಬಂದಿರಿ. ಜಗಳಕ್ಕೆ ನಾನು ತಯಾರಾಗಿಯೇ ಕೂತಿದ್ದೆ. ನೀವು ಕೂಗಾಡಿದರೆ ಏನು ಹೇಳಬೇಕು ಎಂದು ಮಾತು ಜೋಡಿಸಿಕೊಂಡಿದ್ದೆ. ನೀವು ಕೂಗಾಡಲಿಲ್ಲ. ಫೋನ್ ಮಾಡಿದ್ರಾ ಎಂದು ಕೇಳಿದಿರಿ. ಮಾಡಿದ್ದೆ, ಮೂರು ಸಲ, ಸ್ವಿಚ್ ಆಫ್ ಬಂತು ಎಂದೆ. ಆ ಮೂರು ಸಲ ಎಂಬುದು ಎಲ್ಲಿಂದ ಬಂತೋ — ಸುಳ್ಳಿಗೆ ಲೆಕ್ಕ ಸೇರಿಸಿದರೆ ಗಟ್ಟಿಯಾಗುತ್ತದೆ ಎಂದು ನಾಲಿಗೆಗೇ ಗೊತ್ತಿತ್ತು. ನೀವು ಸೊಂಟದ ಚೀಲದಿಂದ ಆ ಬಟನ್ ಫೋನು ತೆಗೆದು, ತಿರುಗಿಸಿ ನೋಡಿದಿರಿ. ದಾರಿಯಲ್ಲಿ ಟೀ ಅಂಗಡಿಯವರನ್ನು ಕೇಳಿಕೊಂಡು ಚಾರ್ಜ್ ಹಾಕಿಸುವ ಫೋನು. ಆರಿಹೋಗಿದ್ದರೂ ಹೋಗಿರಬಹುದು ಎಂದು ನಂಬಿಬಿಟ್ಟಿರಿ.

"ನಂದೇ ತಪ್ಪು ಬಿಡ್ರಿ" ಎಂದಿರಿ.

ಯಾರಿಗೂ ತಗ್ಗದ ನಿಮ್ಮ ತಲೆ ನನ್ನೆದುರು ತಗ್ಗಿತು. ನನಗೆ ಹಿತವಾಯಿತು, ದುರುಗಮ್ಮ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಅವತ್ತು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಗೋದಾಮಿನಲ್ಲಿ ಮನೆ ಶುರುವಾಯಿತು. ಬಾಗಿಲನ್ನು ಒಡೆಸಿ ಅಗಲ ಮಾಡಿಸಿದೆವು. ಮಳೆಗಾಲದಲ್ಲಿ ನಲ್ಲೂರಿನಿಂದ ನೀವು ಒಮ್ಮೆ ಫೋನ್ ಮಾಡಿದಿರಿ. ನಿಮ್ಮ ದನಿಯಲ್ಲಿ ಜೋರಿರಲಿಲ್ಲ. ತಿಪ್ಪಣ್ಣನಿಗೆ ಜ್ವರ ಇಳಿಯುತ್ತಿಲ್ಲ, ನಾಲ್ಕು ದಿನದ ಮಟ್ಟಿಗೆ ಆ ಮನೆಯಲ್ಲಿ ಮಲಗಿಸಿಕೊಳ್ಳಿ, ಆಟೊ ಮಾಡಿಕೊಂಡು ತರುತ್ತೇನೆ ಎಂದಿರಿ. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಸೇರಿಸಿಕೊಂಡರೆ ಉಳಿದವರಿಗೂ ತೊಂದರೆಯಾಗುತ್ತದೆ ಎಂದು ನಾನು ನಿಯಮ ಹೇಳಿದೆ. ಆಗ ಒಂದು ಮಂಚ ಖಾಲಿ ಇತ್ತು. ಐದನೇ ದಿನ ಮಧ್ಯಾಹ್ನ, ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಅವರು ತೀರಿಹೋದರಂತೆ. ಪಕ್ಕದ ಡೇರೆಯ ಮಲ್ಲಮ್ಮ ಬಂದು ಹೇಳಿದಾಗ ನಾನು ತಿಂಗಳ ವರದಿ ಬರೆಯುತ್ತಿದ್ದೆ. ಅಯ್ಯೋ ಪಾಪ ಎಂದು ವರದಿ ಮುಂದುವರಿಸಿದೆ.

ನೀವು ಡೇರೆ ಕಿತ್ತುಕೊಂಡು ಹೋದಿರಿ. ನಾನು ಬೆಳೆದೆ. ಬೇರೆ ಊರುಗಳಿಂದ ಮನೆ ನೋಡಲು ಜನ ಬಂದರು, ಶಾಲು ಹೊದಿಸಿದರು. ಬಾಗಿಲು ಯಾಕೆ ಇಷ್ಟು ಅಗಲ ಎಂದು ಬಂದವರೆಲ್ಲ ಕೇಳುತ್ತಾರೆ. ಒಬ್ಬರನ್ನು ಇಬ್ಬರು ಹೊತ್ತುಕೊಂಡು ಬರುವಂತಿರಬೇಕಲ್ಲ, ಇಂಥದ್ದನ್ನೆಲ್ಲ ನಾವು ಯೋಚಿಸಬೇಕಾಗುತ್ತದೆ ಎನ್ನುತ್ತೇನೆ. 'ನಾವು' ಎನ್ನುತ್ತೇನೆ. ಹೀಗೆ ಎಷ್ಟು ಸಲ ಹೇಳಿದ್ದೇನೋ.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಯಾಕೆ? ಒಳ್ಳೆಯ ಬುದ್ಧಿ ಬಂದು ಅಲ್ಲ. ಚನ್ನಗಿರಿಯಲ್ಲಿ ಇಂಥದ್ದೇ ಮನೆ ಶುರುವಾಗುತ್ತಿದೆ. ಜನರ ಜೊತೆ ಕೂರುವುದು ಹೇಗೆಂದು ಅಲ್ಲಿಯ ಹೊಸಬರಿಗೆ ಕಲಿಸಲು ನನ್ನನ್ನು ಕರೆದಿದ್ದಾರೆ. ಆ ಪಾಠಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಾ ಕೂತಿದ್ದಾಗ ಮಲ್ಲಮ್ಮ ಬಂದಳು. ಸೂರಗೊಂಡನಕೊಪ್ಪದ ಹತ್ತಿರ ನಿಮ್ಮನ್ನು ಕಂಡಳಂತೆ. ನೀವು ಈಗ ನ್ಯಾಮತಿಯ ಹೊರಗೆ ಡೇರೆ ಹಾಕಿದ್ದೀರಂತೆ. ಯಾವ ಅಂಗಡಿಗೆ ಹೋದರೂ ಮೊದಲು ಚಾರ್ಜರ್ ತೆಗೆಯುತ್ತೀರಂತೆ, ಫೋನಿನಲ್ಲಿ ಒಂದು ಗೆರೆ ಕಡಿಮೆಯಾದರೂ ನಿಮಗೆ ಕೂತಲ್ಲಿ ಕೂರಲಾಗುವುದಿಲ್ಲವಂತೆ.

"ಆವತ್ತು ಫೋನ್ ಆರದೇ ಇದ್ದಿದ್ರೆ ಅವ್ನು ಉಳೀತಿದ್ದ ಅಂತಾಳ್ರಿ. ನಾನೇ ಕೊಂದೆ ಅಂತಾಳೆ" ಎಂದಳು ಮಲ್ಲಮ್ಮ.

ಅವಳು ಹೋದ ಮೇಲೆ ಟಿಪ್ಪಣಿ ಹರಿದು ಹಾಕಿದೆ. ಹಳೆಯ ಪುಸ್ತಕ ಹುಡುಕಿ, ರಟ್ಟಿನ ಮೇಲಿನ ನಂಬರು ಒತ್ತಿದೆ — ಆರು ವರ್ಷದಲ್ಲಿ ಮೊದಲ ಸಲ. ಸ್ವಿಚ್ ಆಫ್ ಬರಲಿ ಎಂದು ಹಾರೈಸಿದ್ದೂ ನಿಜ. ಎರಡನೇ ರಿಂಗಿಗೇ ಎತ್ತಿದಿರಿ. ದುರುಗಮ್ಮ ಎಂದೆ. ನನ್ನ ದನಿಯ ಗುರುತು ಹಿಡಿದುಬಿಟ್ಟಿರಿ.

"ಹೇಳ್ರಿ ಮೇಡಮ್ಮೋರೆ. ಚಾರ್ಜ್ ಐತೆ."

ನಾನು ಫೋನ್ ಇಟ್ಟೆ. ಅದಕ್ಕೇ ಈ ಕಾಗದ.

ಇದನ್ನು ಓದಿ ಯಾರಾದರೂ ಎಷ್ಟು ದೊಡ್ಡ ಮನಸ್ಸು ಎಂದರೆ ಅವರ ಮುಖ ನೋಡಲಾರೆ. ಸಾಹೇಬರಿಗೆ ಅವತ್ತು ನಾನು ಹೇಳಿದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದು ಕಚೇರಿಗೂ ನಮ್ಮ ಮುಖ್ಯಸ್ಥರಿಗೂ ಕೊಟ್ಟಿದ್ದೇನೆ. ಪಾಠ ಮಾಡಲು ಚನ್ನಗಿರಿಗೆ ಬೇರೆಯವರು ಹೋಗಲಿ. ಕೆಲಸ ಹೋದರೆ ಹೋಯಿತು. ಅದರಿಂದ ನಿಮಗೆ ಬರುವುದೇನೂ ಇಲ್ಲ ಎಂಬುದೂ ಗೊತ್ತು.

ನಿಮಗೆ ಓದಲು ಬರುವುದಿಲ್ಲ. ಇದನ್ನು ನಿಮಗೆ ಬೇರೆಯವರು ಓದಿ ಹೇಳುವುದು ಬೇಡ, ನಾನೇ ಹೇಳಬೇಕು. ಸೋಮವಾರ ಮೊದಲ ಬಸ್ಸಿಗೆ ನ್ಯಾಮತಿಗೆ ಬರುತ್ತೇನೆ. ನೀವು ನೀರು ಕೊಡಬೇಡಿ, ಕೂರಿ ಎನ್ನಬೇಡಿ. ಉಗುಳಬೇಕೆನ್ನಿಸಿದರೆ ಈ ಸಲ ಪಕ್ಕಕ್ಕೆ ತಿರುಗಬೇಕಾಗಿಲ್ಲ. ಡೇರೆಯ ಮುಂದೆ ನಿಂತುಕೊಂಡೇ ಈ ಕಾಗದದ ಮೊದಲ ಸಾಲು ಓದುತ್ತೇನೆ. ಮುಂದಕ್ಕೆ ಓದಲು ನೀವು ಬಿಟ್ಟರೆ ಓದುತ್ತೇನೆ. ಬಿಡದಿದ್ದರೆ, ನಿಮಗೆ ಬೇಕಾಗಿರುವುದು ಆ ಒಂದೇ ಸಾಲು.